ನಾತಾಲಿಬಾಯಿಯ ಏಳು ಸೌಟು

ಸಾಮ್ರಾಜ್ಯಗಳು ಉರುಳಿದ್ದನ್ನೂ ನದಿಗಳು ದಿಕ್ಕು ಬದಲಿಸಿದ್ದನ್ನೂ ಬರೆದಿಡಲು ಬೇರೆಯವರಿದ್ದಾರೆ. ನಾನು ಇಲ್ಲಿ ದಾಖಲಿಸಬೇಕೆಂದಿರುವುದು ಅದಕ್ಕಿಂತ ಗುರುತರವಾದ ವಿಷಯ: ನಾನು ಕಿವಿಯಾದಂದಿನಿಂದ ಹದಿನಾಲ್ಕನೆಯ ವರ್ಷದ ಕೂಡಿಕೆಯಲ್ಲಿ ನಾತಾಲಿಬಾಯಿಯ ಪೀಪಾಯಿಯಿಂದ ಎಷ್ಟು ಸೌಟು ವೈನು ತೆಗೆದೆವು ಎಂಬುದು. ಏಳೋ, ಎರಡೋ. ಈ ಬಗ್ಗೆ ಊರಿನಲ್ಲಿ ಇವತ್ತಿಗೂ ತಪ್ಪು ತಿಳಿವಳಿಕೆಗಳಿವೆ. ಆ ದಿನ ಶೆಡ್ಡಿನಲ್ಲಿದ್ದ ಮೂವರಲ್ಲಿ ಉಳಿದವನು ನಾನೊಬ್ಬನೇ ಆದ್ದರಿಂದ ಹೇಳಿಬಿಡುವುದು ಒಳ್ಳೆಯದು.

ಆ ಊರಿನಲ್ಲಿ ಮನೆಮನೆಯಲ್ಲೂ ವೈನು ಮಾಡುತ್ತಿದ್ದರು. ಮಳೆ ಇಳಿಯುವ ಸೋಣ ತಿಂಗಳಲ್ಲಿ ಗುಡ್ಡದ ಬಳ್ಳಿಗಳ ಕಪ್ಪು ದ್ರಾಕ್ಷಿ ಹಣ್ಣಾಗುತ್ತಿತ್ತು. ಅದನ್ನು ಹಿಚುಕಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ ಹಾಕಿ ಪೀಪಾಯಿಗೆ ತುಂಬಿ, ಇಪ್ಪತ್ತೊಂದು ದಿನ ಮರದ ಸೌಟಿನಿಂದ ಕಲಕಬೇಕು. ಕಲಕುವವರು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಬ್ಬರೇ ಆಗಿರಬೇಕು. ಇಲ್ಲದಿದ್ದರೆ ಕುಡಿದವನು ಒಂದೇ ವಾಕ್ಯದೊಳಗೆ ಮಾವನೂ ಸೊಸೆಯೂ ಆಗಿ ಮಾತಾಡುತ್ತಾನೆ, ಕೇಳುವವರಿಗೆ ಕಷ್ಟ. ಒಬ್ಬರೇ ಕಲಕಿದ್ದಾದರೆ ತೊಂದರೆಯಿಲ್ಲ; ಕುಡಿದವನು ಕಲಕಿದವರ ದನಿಯಲ್ಲಿ, ಅವರ ಮಾತಿನ ಚಾಳಿಗಳ ಸಮೇತ, ಒಂದು ಗ್ಲಾಸಿಗೆ ಎರಡು ಗಂಟೆಯ ಲೆಕ್ಕದಲ್ಲಿ ಮಾತಾಡುತ್ತಾನೆ.

ದೇಜು ಶೆಟ್ಟರ ವೈನು ಕುಡಿದರೆ ಪಕ್ಕದಲ್ಲಿ ಕೂತವನನ್ನೂ ಹೊಳೆಯಾಚೆ ನಿಂತವನಂತೆ ಕೂಗಿ ಮಾತಾಡಿಸುತ್ತಿದ್ದರು. ಅಂತು ಪೂಜಾರಿಯ ವೈನಿನಲ್ಲಿ ವಾಕ್ಯಗಳು ಅರ್ಧಕ್ಕೇ ನಿಂತು, ಉಳಿದರ್ಧವನ್ನು ಕೇಳುವವನೇ ಊಹಿಸಿಕೊಳ್ಳಬೇಕಿತ್ತು. ಊರಿನ ಹಿರಿತನ ನೋಡುವ ಗುರಿಕಾರ ಲಾದ್ರು ಅವರದು ಕುಡಿದರೆ "ಅದು ಹೇಗೆ ಅಂದ್ರೆ" ಎಂಬುದು ಬಾರದೆ ಯಾವ ಮಾತೂ ಮುಗಿಯುತ್ತಿರಲಿಲ್ಲ. ಒಮ್ಮೆ ಒಬ್ಬ ಮದುಮಗ ಧೈರ್ಯಕ್ಕೆಂದು ತನ್ನ ಸೋದರಮಾವನ ಪೀಪಾಯಿಯದನ್ನು ಎರಡು ಗ್ಲಾಸು ಏರಿಸಿ, ಕೊಡಬೇಕಾದ ಒಪ್ಪಿಗೆಯನ್ನೆಲ್ಲ ಅರವತ್ತು ವರ್ಷದ ಗೊಗ್ಗರು ಗಂಟಲಲ್ಲಿ ಕೊಟ್ಟ. ಹುಡುಗಿಯ ಕಡೆಯವರು ಮದುವೆ ಯಾರಿಗೆ ಆದದ್ದೆಂದು ತೀರ್ಮಾನಿಸಲು ನಾಲ್ಕು ದಿನ ತೆಗೆದುಕೊಂಡರು. ಕೂಡಿಕೆ ಶುರುವಾದದ್ದು ಆಮೇಲೆ. ಡಿಸೆಂಬರಿನ ಮೊದಲ ಭಾನುವಾರ ಇಪ್ಪತ್ತೆರಡು ಮನೆಯ ಪೀಪಾಯಿಗಳನ್ನೂ ಹಳೆಯ ಹಂಚಿನ ಕಾರ್ಖಾನೆಯ ಶೆಡ್ಡಿಗೆ ಉರುಳಿಸಿ ತಂದು, ಹದ ನೋಡಿ, ದೊಡ್ಡ ಮರದ ಬಾನಿಯಲ್ಲಿ ಬೆರೆಸುವುದು. ಬೆರೆಸಿದ್ದನ್ನು ಕುಡಿದರೆ ಬರುವ ದನಿ ಯಾರದೂ ಆಗಿರಬಾರದು, ಮತ್ತು ಪ್ರತಿ ವರ್ಷವೂ ಅದೇ ಆಗಿರಬೇಕು. ಅದಕ್ಕೆ ಊರ ದನಿ ಎಂದು ಹೆಸರು. ಬೆರೆಸಿದ ಮೇಲೆ ಪೀಪಾಯಿಗಳಲ್ಲಿ ಉಳಿದದ್ದನ್ನು ಮನೆಗೆ ಒಯ್ಯುವ ಹಾಗಿಲ್ಲ, ವಿನೆಗರ್ ಮಾಡಬೇಕು. ವಿನೆಗರಿನಲ್ಲಿ ಯಾರ ದನಿಯೂ ಉಳಿಯುವುದಿಲ್ಲ. ಹುಳಿಯಾದ ಮೇಲೆ ಶೆಟ್ಟರೂ ಪೂಜಾರಿಯೂ ಒಂದೇ.

ಹದ ನೋಡಲು ಇಬ್ಬರು. ಕುಡಿದು ಮಾತಾಡುವವರು ನಾಲಗೆ, ಕೇಳಿ ಹೇಳುವವರು ಕಿವಿ. ಕಿವಿಗೆ ಸ್ವಂತ ಪೀಪಾಯಿ ಇರಕೂಡದು, ಪಕ್ಷಪಾತ ಬರುತ್ತದೆ. ನಾನು ಪರವೂರಿನಿಂದ ಶಾಲೆಗೆ ವರ್ಗವಾಗಿ ಬಂದವನು. ಜೀವನದಲ್ಲಿ ಕುಡಿದ ಅತ್ಯಂತ ಗಟ್ಟಿ ಪಾನೀಯ ಶುಂಠಿ ಕಷಾಯ. ಮಕ್ಕಳ ಉಚ್ಚಾರ ತಿದ್ದಿ ತಿದ್ದಿ ಕಿವಿ ಹರಿತವಾಗಿತ್ತು. ಹಾಗಾಗಿ ಬಂದ ವರ್ಷವೇ ಹುದ್ದೆ ಕಟ್ಟಿಬಿಟ್ಟರು. ನಾಲಗೆಯಾಗಿದ್ದವರು ನಾತಾಲಿಬಾಯಿ. ಬಸ್ ನಿಲ್ಲುವಲ್ಲಿ ಎದುರಿಗೇ ಅವರ ಮನೆ. ಒಂದು ಬೆಕ್ಕು, ಒಂಬತ್ತು ಕೋಳಿ, ಅವರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ನಾನು ಮಾತಾಡಿ ಮುಗಿಸುವವರೆಗೆ ಯಾರೂ ಕಾಯ್ಲಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಕೂಡಿಕೆಯ ದಿನ ನಾನು ಗೋಡೆಗೆ ಮುಖ ಮಾಡಿ ಮರದ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಹಿಂದೆ ನಾತಾಲಿಬಾಯಿ ತಪಲೆಯಲ್ಲಿ ಬೆರೆಸಿ, ಒಂದು ಗುಟುಕು ಕುಡಿದು, ಪ್ರತಿ ವರ್ಷದ ಅದೇ ಮಾತನ್ನು ಹೇಳುತ್ತಿದ್ದರು. ಊರಿನಲ್ಲಿ ಯಾರ ಮನೆಗೆ ಹೋದರೂ, ಬಾಯಾರಿಕೆಗೆ ಏನು ಕೊಡಲೆಂದು, ಮೊದಲು ಕೇಳುವ ಮಾತು ಅದು: "ಬನ್ನಿ, ಕೂತ್ಕೊಳ್ಳಿ, ಆಸರಿಗೆ ಎಂತ ಆಗ್ಬೇಕು?"

ಬೆನ್ನ ಹಿಂದೆ ಅವರ ಬಾಯಿಂದ ದೇಜು ಶೆಟ್ಟರು ಗುಡುಗುತ್ತಿದ್ದರು. ನಾನು ಹೇಳುತ್ತಿದ್ದೆ, "ಶೆಟ್ಟರು ಜಾಸ್ತಿ."

"ಜಾಸ್ತಿ ಅಂದ್ರೆ ಎಷ್ಟು ಮಾಸ್ಟ್ರೇ?" ಶೆಟ್ಟರ ದನಿಯಲ್ಲೇ.

"ಬಂದವರು ಅಂಗಳದಿಂದಲೇ ಓಡಿಹೋಗುವಷ್ಟು."

"ಹಾಗಾದ್ರೆ ಪೂಜಾರಿಯದ್ದು ಒಂದು ಸೌಟು ಹಾಕುವ. ಇವರು ಕರೆಯುವುದು, ಅವರು ಅರ್ಧಕ್ಕೆ ನಿಲ್ಲಿಸುವುದು."

ಹೀಗೆ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ. ನಡುನಡುವೆ ಅವರು ನೀರು ಮುಕ್ಕಳಿಸಿ, ಒಣ ರೊಟ್ಟಿಯ ಚೂರು ಜಗಿದು ತಮ್ಮ ದನಿಗೆ ಮರಳುತ್ತಿದ್ದರು. ಗುಟುಕಿನದು ಅಷ್ಟಕ್ಕೇ ಇಳಿಯುತ್ತದೆ. ನಾನು ತೀರಾ ಗೊಣಗಿದರೆ, "ಇನ್ನು ನಾನೆಂತ ತಲೆಗೆ ಮುಂಡಾಸು ಕಟ್ಟಿ ಕುಣಿಯುವುದಾ?" ಎಂದು ಬೈಯುತ್ತಿದ್ದರು. ಕೊನೆಗೆ ಒಂದು ಹಂತದಲ್ಲಿ ಆ ಮಾತು ಯಾರದೂ ಅಲ್ಲದ್ದಾಗಿ ಬರುತ್ತಿತ್ತು. ನಾನು "ಸರಿ" ಎನ್ನುತ್ತಿದ್ದೆ. ಯಾರ ಪೀಪಾಯಿಯಿಂದ ತಪಲೆಗೆ ಎಷ್ಟು ಸೌಟು ಎಂಬುದನ್ನು ಲಾದ್ರು ಗುರಿಕಾರರು ಶೆಡ್ಡಿನ ಕಂಬದ ಮೇಲೆ ಉಳಿಯಿಂದ ಗೀರು ಹಾಕುತ್ತಿದ್ದರು. ಅದೇ ಪ್ರಮಾಣದಲ್ಲಿ ಬಾನಿ ತುಂಬುವುದು.

ಮೊದಲ ವರ್ಷ ಅಳತೆಗೆಂದು ಒಂದು ಬಾಟಲಿ ಇತ್ತು, ಬಾಯಿಗೆ ಮೇಣ ಹಾಕಿದ್ದು. ಮೊತ್ತಮೊದಲ ಕೂಡಿಕೆಯದಂತೆ. ಅದರಿಂದ ಒಂದು ಹನಿ ನಾಲಗೆಗಿಟ್ಟು ಹೇಳಿಸಿ, ಹೊಸದನ್ನು ಅದಕ್ಕೆ ಹೋಲಿಸಬೇಕು. ಎರಡನೆಯ ವರ್ಷ ಗುರಿಕಾರರು ಅದನ್ನು ಕೆಮ್ಮಿನ ಔಷಧಿ ಎಂದು ತಿಳಿದು ಖಾಲಿ ಮಾಡಿದರು. ಹಾಗೆಂದು ಅವರೇ ಹೇಳಿದ್ದು. ಅವರಿಗೆ ಕೆಮ್ಮಿತ್ತೆಂದು ಬೇರೆ ಯಾರೂ ಹೇಳಿಲ್ಲ. "ಮಾಸ್ಟ್ರೇ, ನಿಮಗೆ ಆ ದನಿ ನೆನಪುಂಟಲ್ಲ?" ಎಂದು ಕೇಳಿದರು. ಹನ್ನೆರಡು ವರ್ಷದ ತಪ್ಪೆಲ್ಲ ಹುಟ್ಟಿದ್ದು ಅಲ್ಲಿ. ಎದುರಿಗೆ ನಿಂತು ಕೇಳಿದ ಪ್ರಶ್ನೆಗೆ ಗೊತ್ತಿಲ್ಲ ಎನ್ನುವ ಅಭ್ಯಾಸ ನಮ್ಮ ವೃತ್ತಿಯವರಿಗಿಲ್ಲ. "ಉಂಟು" ಎಂದೆ. ಸುಳ್ಳಲ್ಲ, ನೆನಪಿತ್ತು. ಕಣ್ಣು ಮುಚ್ಚಿದರೆ ಆ ಮಾತು ಕಿವಿಯಲ್ಲಿ ಕೇಳುತ್ತಿತ್ತು. "ಎಂತ" ಎಂಬಲ್ಲಿ ದನಿ ಸ್ವಲ್ಪ ಮೇಲೆದ್ದು, ಬಾಗಿಲು ಹಿಡಿದು ನಿಂತವರ ಹಾಗೆ ಒಂದು ಕ್ಷಣ ಕಾದು, ರಾಟೆಗೆ ಎಣ್ಣೆ ಬೀಳುವ ಮೊದಲಿನ ಕಿರುಗುಟ್ಟುವಿಕೆಯೊಂದಿಗೆ "ಆಗ್ಬೇಕು" ಎಂದು ಕೆಳಗಿಳಿಯುವುದು. ಆಮೇಲಿನ ಪ್ರತಿ ವರ್ಷವೂ ನಾನು ಅದನ್ನೇ ಹುಡುಕಿದೆ, ಪ್ರತಿ ವರ್ಷವೂ ಸಿಕ್ಕಿತು. ಇಷ್ಟು ಕರಾರುವಾಕ್ಕಾದ ಕಿವಿ ಹಿಂದೆ ಇರಲಿಲ್ಲ ಎಂದು ಊರು ಹೊಗಳಿತು. ನಾನು ಬೇಡವೆನ್ನಲಿಲ್ಲ.

ಹದಿನಾಲ್ಕನೆಯ ವರ್ಷ ನಾತಾಲಿಬಾಯಿಯ ಗಂಟಲಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಪೀಪಾಯಿ ಕಲಕುವುದು ಮುಗಿಯದೆ ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಕೂತರು. ಇಪ್ಪತ್ತೊಂದನೆಯ ದಿನ ಸೌಟು ತೊಳೆದಿಟ್ಟು, ಬೆಕ್ಕನ್ನೂ ಕೋಳಿಗಳನ್ನೂ ನಮ್ಮ ಮನೆಗೆ ಒಪ್ಪಿಸಿ, ಬಸ್ಸು ಹತ್ತಿದರು. ತಿಂಗಳ ಮೇಲೆ ತಿರುಗಿ ಬಂದಾಗ ಕುತ್ತಿಗೆಗೆ ಬಿಳಿ ಬಟ್ಟೆ ಇತ್ತು, ದನಿ ಇರಲಿಲ್ಲ. ಗಂಟಿನ ಜೊತೆ ದನಿಪೆಟ್ಟಿಗೆಯನ್ನೇ ತೆಗೆದಿದ್ದರು. ಇನ್ನು ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ನಾನು ಶಾಲೆಯಿಂದ ಒಂದು ಸ್ಲೇಟನ್ನೂ ಬಳಪದ ಪೆಟ್ಟಿಗೆಯನ್ನೂ ಒಯ್ದು ಕೊಟ್ಟೆ. ಅವರು ಮೊದಲು ಬರೆದದ್ದು: "ಕೋಳಿ ಎಂಟೇ ಉಂಟಲ್ಲ?" ಒಂಬತ್ತನೆಯದನ್ನು ನರಿ ಒಯ್ದ ಕಥೆಯನ್ನು ನಾನು ವಿವರಿಸುತ್ತಿರುವಾಗ ಅವರು ಒರೆಸಿ ಇನ್ನೊಂದು ಬರೆದು ತೋರಿಸಿದರು: "ನರಿಗೆ ಎಷ್ಟು ಕಾಲು? ನಿಮ್ಮ ಹಾಗೆ ಎರಡಾ?"

ಕೂಡಿಕೆಗೆ ಹೊಸ ನಾಲಗೆ ಬೇಕಾಯಿತು. ಗುರಿಕಾರರು ತಮ್ಮ ಸೊಸೆಯ ಹೆಸರು ಹೇಳಿದರು. ನಾತಾಲಿಬಾಯಿ ಸ್ಲೇಟನ್ನು ಎತ್ತಿ ಹಿಡಿದರು: "ಮಾಸ್ಟ್ರು ಕುಡಿಯಲಿ. ನಾನು ಕೇಳ್ತೇನೆ."

"ನಾತಾಲಿಬಾಯಿಗೆ ಸ್ವಂತ ಪೀಪಾಯಿ ಉಂಟು. ಕಿವಿಗೆ ಪೀಪಾಯಿ ಇರಬಾರ್ದು. ಅದು ಹೇಗೆ ಅಂದ್ರೆ, ನಿಯಮ," ಎಂದರು ಗುರಿಕಾರರು.

ಅವರು ಬರೆದರು: "ಈ ವರ್ಷ ಕಡೇ ಪೀಪಾಯಿ." ಗುರಿಕಾರರು ಅದನ್ನು ಓದಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇನ್ನು ಮುಂದೆ ಅವರು ಎಷ್ಟು ಕಲಕಿದರೂ ಅದು ಬರೀ ದ್ರಾಕ್ಷಿ ರಸ ಎಂಬುದು ಅಲ್ಲಿಯವರೆಗೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ವಿಷಯ ತಿಳಿಸಿದಾಗ ನನ್ನ ಹೆಂಡತಿ, "ಕುಡಿಯುವುದಾದರೆ ಕುಡಿಯಿರಿ. ಮನೆಗೆ ಮಾತ್ರ ನಿಮ್ಮ ದನಿಯಲ್ಲೇ ಬನ್ನಿ" ಎಂದಳು.

ಆ ಭಾನುವಾರ ನಾತಾಲಿಬಾಯಿ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ನಾನು ಐವತ್ತರ ಅಂಚಿನಲ್ಲಿ ಮೊದಲ ಗುಟುಕು ಕುಡಿದೆ. ದೇಜು ಶೆಟ್ಟರದು. ನನ್ನ ಬಾಯಿಂದ ಹೊರಟ "ಬನ್ನಿ"ಗೆ ಶೆಡ್ಡಿನ ಮಾಡಿನ ಹಂಚಿನ ಮೇಲಿದ್ದ ಕಾಗೆಗಳೆಲ್ಲ ಎದ್ದುಹೋದವು. ನಾತಾಲಿಬಾಯಿಯ ಭುಜಗಳು ಅಲುಗಿದವು, ನಗುತ್ತಿದ್ದರು. ಒಂದೊಂದೇ ರುಚಿ ನೋಡುತ್ತ, ನೀರು ಮುಕ್ಕಳಿಸುತ್ತ, ಅವರದೊಂದನ್ನು ಕೊನೆಗೆ ಬಿಟ್ಟು, ನಾನು ಮಧ್ಯಾಹ್ನದೊಳಗೆ ಇಪ್ಪತ್ತೊಂದು ಜನ ಆಗಿ ಮುಗಿಸಿದೆ. ಹದಿಮೂರು ವರ್ಷ ಈ ಹೆಂಗಸು ಇಷ್ಟು ಜನರನ್ನು ಹೊತ್ತು ತಿರುಗಿ ತಾನಾಗಿ ಬರುತ್ತಿದ್ದಳೆಂಬುದು ನನಗೆ ಆವತ್ತು ತಿಳಿಯಿತು.

ಆಮೇಲೆ ಕಳೆದ ವರ್ಷದ ಗೀರುಗಳನ್ನು ನೋಡಿಕೊಂಡು ತಪಲೆಯಲ್ಲಿ ಬೆರೆಸಿದೆ. ಶೆಟ್ಟರದು ಮೂರು, ಪೂಜಾರಿಯದು ಎರಡು, ಗುರಿಕಾರರದು ಅರ್ಧ. ಹೀಗೆ ಎಲ್ಲ ಮುಗಿದು ಕೊನೆಗೆ ನಾತಾಲಿಬಾಯಿಯದು ಏಳು. ಕುಡಿದೆ.

"ಬನ್ನಿ, ಕೂತ್ಕೊಳ್ಳಿ, ಆಸರಿಗೆ ಎಂತ ಆಗ್ಬೇಕು?"

ಮೊದಲ ಪ್ರಯತ್ನಕ್ಕೇ ಬಂದಿತ್ತು. ಊರ ದನಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ. ನಾನು ಹೆಮ್ಮೆಯಿಂದ ತಿರುಗಿ ನೋಡಿದೆ. ನಾತಾಲಿಬಾಯಿ ಗೋಡೆಯನ್ನೇ ನೋಡುತ್ತಿದ್ದರು. ಕೈ ಮೇಲೆತ್ತಿ, ಇನ್ನೊಮ್ಮೆ ಎಂದು ಬೆರಳು ಆಡಿಸಿದರು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲವೂ ಹೇಳಿಸಿದರು. ಬಳಪ ಕಿರುಗುಟ್ಟಿತು. ಸ್ಲೇಟಿನ ಮೇಲೆ ಎರಡೇ ಶಬ್ದ: "ಇದು ನಾನು."

"ಎಂತ ಬಾಯಿ! ಇದು ಊರ ದನಿ. ಹನ್ನೆರಡು ವರ್ಷದಿಂದ ಇದೇ," ಎಂದರು ಗುರಿಕಾರರು.

ಅವರು ಕೈಯಲ್ಲೇ ಒರೆಸಿ ಬರೆದರು: "ಹನ್ನೆರಡು ವರ್ಷದಿಂದ ನಾನೇ." ಎದ್ದು ಕಂಬದ ಹತ್ತಿರ ಹೋಗಿ ತಮ್ಮ ಸಾಲಿನ ಗೀರುಗಳ ಮೇಲೆ ಬೆರಳಿಟ್ಟರು. ಅಳತೆ ಬಾಟಲಿ ಇದ್ದ ವರ್ಷ ಎರಡು. ಮರುವರ್ಷವೂ ಎರಡು. ಆಮೇಲೆ ಮೂರು, ಮೂರು, ನಾಲ್ಕು. ಹಾಗೆ ಏರುತ್ತ ಏರುತ್ತ ಏಳು. ಕಿವಿ ಬೇಕೆಂದಷ್ಟು ನಾಲಗೆ ಹಾಕಿತ್ತು, ಅಷ್ಟೇ. ಒಳಗಿನಿಂದ ಕೇಳುವವರಿಗೆ ತಮ್ಮ ದನಿ ಹೇಗಿದೆಯೆಂದು ಗೊತ್ತಿರುವುದಿಲ್ಲ; ಅವರು ಅದನ್ನು ಹೊರಗಿನಿಂದ ಕೇಳಿದ್ದು ಇದೇ ಮೊದಲು. ಊರಿಗೂ ಗೊತ್ತಾಗಿರಲಿಲ್ಲ. ನಿಧಾನವಾಗಿ ಆಗುವುದನ್ನು ಯಾರೂ ಗಮನಿಸುವುದಿಲ್ಲ, ನನ್ನ ಬೋಳುತಲೆಯೇ ಸಾಕ್ಷಿ.

"ಮಾಸ್ಟ್ರೇ," ಎಂದರು ಗುರಿಕಾರರು, "ನಿಮಗೆ ಆ ಬಾಟಲಿಯ ದನಿ ನೆನಪುಂಟು ಅಂದಿರಲ್ಲ?"

ಉಂಟು ಎಂದದ್ದು ನಿಜ. ಆದರೆ ನನ್ನ ನೆನಪಿನಲ್ಲಿದ್ದದ್ದು ಬಾಟಲಿಯದಲ್ಲ. ನಾನು ಆ ಊರಿಗೆ ಬಂದ ಮಧ್ಯಾಹ್ನ ಬಸ್ಸಿನಿಂದ ಇಳಿದು, ಟ್ರಂಕನ್ನು ಬಿಸಿಲಲ್ಲಿಟ್ಟು, ಶಾಲೆ ಯಾವ ಕಡೆ ಎಂದು ಕೂಡ ಕೇಳಲು ಸಂಕೋಚಪಟ್ಟು ನಿಂತಿದ್ದೆ. ಎದುರು ಮನೆಯ ಜಗಲಿಯಿಂದ ಒಬ್ಬ ಹೆಂಗಸು, ಯಾರು ಏನು ಎಂದು ವಿಚಾರಿಸದೆ, ಆ ಮಾತು ಹೇಳಿದರು. ಬೆಲ್ಲದ ಚೂರೂ ಒಂದು ಚೆಂಬು ನೀರೂ ತಂದಿಟ್ಟರು. ಊರಿನಲ್ಲಿ ನಾನು ಕೇಳಿದ ಮೊದಲ ದನಿ ಅದು. ಆಮೇಲೆ ಯಾರು ಊರ ದನಿ ಎಂದರೂ ನನ್ನ ಕಿವಿ ಆ ಜಗಲಿಗೇ ಹೋಗುತ್ತಿತ್ತು. ಇದನ್ನು ಗುರಿಕಾರರಿಗೆ ಹೇಳಲಿಲ್ಲ. ಪೀಪಾಯಿಯಿಲ್ಲದವನಿಗೂ ಪಕ್ಷಪಾತ ಬರಬಹುದೆಂದು ನಿಯಮ ಮಾಡಿದವರು ಯೋಚಿಸಿರಲಿಲ್ಲ, ಅಷ್ಟೇ.

ನಾತಾಲಿಬಾಯಿ ತಪಲೆಯಲ್ಲಿದ್ದದ್ದನ್ನು ಹೊರಗೆ ಚೆಲ್ಲಿ ಬಂದರು. ಸೌಟು ತೆಗೆದು ಮೊದಲಿನಿಂದ ಬೆರೆಸತೊಡಗಿದರು. ತಮ್ಮ ಪೀಪಾಯಿಯ ಸರದಿ ಬಂದಾಗ ಎರಡು ಸೌಟು ಹಾಕಿ ಮುಚ್ಚಳ ಒತ್ತಿದರು.

"ಎಂತ ಬಾಯಿ ನಿಮ್ಮ ಹಟ!" ನನಗೆ ತಡೆಯಲಾಗಲಿಲ್ಲ. ಮುಕ್ಕಳಿಸಲು ಮರೆತಿದ್ದೆ, ಹೊರಟದ್ದು ಅವರದೇ ದನಿ. "ಊರಿಗೆ ಊರೇ ಹನ್ನೆರಡು ವರ್ಷ ಕುಡ್ದು ಸುಖವಾಗುಂಟು, ನಿಮಗೊಬ್ಬರಿಗೆ ಸರಿಯಿಲ್ಲ! ಎರಡು ಸೌಟು ಹಾಕಿದ್ರೆ ನೀವು ಅದ್ರಲ್ಲಿ ಎಲ್ಲಿದ್ದೀರಿ? ಉಳಿದದ್ದು ವಿನೆಗರ್ ಆಗ್ತದೆ. ಮುಂದಿನ ವರ್ಷಕ್ಕೆ ಬೇರೆ ಇಲ್ಲ. ಮತ್ತೆ ಆ ದನಿ ಬೇಕು ಅಂದ್ರೆ ನಾನೆಂತ ತಲೆಗೆ ಮುಂಡಾಸು ಕಟ್ಟಿ ಕುಣಿಯುವುದಾ?"

"ಒಂದು ವರ್ಷಕ್ಕಾದ್ರೂ ಇರ್ಲಿ ಬಾಯಿ," ಎಂದು ಗುರಿಕಾರರೂ ಸೇರಿಸಿದರು. 'ಅದು ಹೇಗೆ ಅಂದ್ರೆ' ಇಲ್ಲದೆ ಅವರು ಹೇಳಿ ಮುಗಿಸಿದ ಮೊದಲ ವಾಕ್ಯ ಅದು.

ನಾತಾಲಿಬಾಯಿ ಸೌಟು ಕೆಳಗಿಟ್ಟು ಸ್ಲೇಟು ಎತ್ತಿಕೊಂಡರು. ಆಮೇಲೆ ಬರೆದರು: "ನಾನು ಇಷ್ಟು ಮಾತಾಡ್ತಿದ್ದೆನಾ?"

"ಇದಕ್ಕಿಂತ ಜಾಸ್ತಿ," ಎಂದೆ, ಅವರ ದನಿಯಲ್ಲಿ.

ಅವರು ಒರೆಸಿದರು. ಈ ಸಲ ನಿಧಾನವಾಗಿ, ಶಾಲೆಯ ಮಕ್ಕಳ ಹಾಗೆ ದುಂಡಗೆ ಬರೆದರು: "ಕೂಡಿಕೆಯಲ್ಲಿ ಯಾರೂ ಗೊತ್ತಾಗ್ಬಾರ್ದು. ನಾನೂ. ನನ್ನ ಕೆಲಸ ಕೆಟ್ಟದ್ದು ಅಂತ ಆಗ್ಬಾರ್ದು ಮಾಸ್ಟ್ರೇ." ನೀರು ಮುಕ್ಕಳಿಸಿ ಬಂದು ಕುಡಿದೆ, ಹೇಳಿದೆ. ಅವರು ಗೋಡೆಗೆ ಮುಖ ಮಾಡಿ ಬೆರಳಲ್ಲೇ ತಿದ್ದಿಸಿದರು. ಶೆಟ್ಟರನ್ನು ಇಳಿಸಿದರು, ಪೂಜಾರಿಯನ್ನು ಏರಿಸಿದರು. ನನ್ನ ಹಾಗೆ ಊಹೆಯಿಂದಲ್ಲ. ಅವರಿಗೆ ಬಾಟಲಿಯ ಹನಿ ತಮ್ಮ ನಾಲಗೆಯಲ್ಲಿ ಆಡಿದ ದನಿ ನೆನಪಿತ್ತು, ಇಷ್ಟು ವರ್ಷ ಯಾರೂ ಅವರನ್ನು ಕೇಳಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ನನ್ನ ಬಾಯಿಂದ ಒಂದು ದನಿ ಬಂತು. ಅದು ಯಾರದೂ ಆಗಿರಲಿಲ್ಲ. ಒಳ್ಳೆಯದೇ ಇತ್ತು. ನನಗೆ ಅದರ ಪರಿಚಯವಿರಲಿಲ್ಲ.

ಬಾನಿ ತುಂಬಿಸಿ ಗುರಿಕಾರರು ಗೀರು ಹಾಕುತ್ತಿರುವಾಗ ನಾತಾಲಿಬಾಯಿ ತಮ್ಮ ಪೀಪಾಯಿಯಿಂದ ಒಂದು ಗ್ಲಾಸು ತುಂಬಿ ನನ್ನ ಕೈಗಿಟ್ಟರು. "ಹೊತ್ತು ಮುಳುಗುವವರೆಗೆ ನಾಲಗೆ ಯಾವ ಪೀಪಾಯಿಯ ರುಚಿಯನ್ನೂ ನೋಡಬಹುದು. ನಿಯಮ," ಎಂದು ಬರೆದರು. ಗುರಿಕಾರರು ಅಂಥ ನಿಯಮವನ್ನು ಕೇಳಿರಲಿಲ್ಲವೆಂದು ಮುಖದಲ್ಲೇ ತಿಳಿಯುತ್ತಿತ್ತು. "ಹೌದೌದು," ಎಂದರು.

ನಾತಾಲಿಬಾಯಿಯ ಮನೆಯ ಜಗಲಿಯಲ್ಲಿ ಕೂತೆವು. ಅವರು ಬರೆದರು, ನಾನು ಅವರ ದನಿಯಲ್ಲಿ ಓದಿದೆ. ಮೊದಲು ಕೋಳಿಗಳನ್ನು ಕರೆಸಿದರು. "ಬಾ ಬಾ ಬಾ" ಎಂದದ್ದಕ್ಕೆ ಎಂಟೂ ಓಡಿಬಂದು, ಕರೆದವನನ್ನು ನೋಡಿ ಕತ್ತು ಓರೆ ಮಾಡಿ ನಿಂತವು. ಬೆಕ್ಕು ಅವರ ಕಾಲನ್ನೂ ನನ್ನ ಕಾಲನ್ನೂ ಬಾರಿಬಾರಿಗೆ ಮೂಸಿತು. ಚರಂಡಿಯ ವಿಷಯಕ್ಕೆ ತಿಂಗಳಿಂದ ಬಾಕಿಯಿದ್ದ ಜಗಳವನ್ನು ಬೇಲಿಯಾಚೆಯ ದೇಜು ಶೆಟ್ಟರ ಮೇಲೆ ನನ್ನಿಂದ ತೀರಿಸಿಕೊಂಡರು. "ನಿಮ್ಮ ಚರಂಡಿ ನನ್ನ ಬಸಳೆ ಬುಡಕ್ಕೆ ಬರ್ಲಿಕ್ಕೆ ನಾನೇನು ನಿಮಗೆ ಬಾಡಿಗೆಗೆ ಕೊಟ್ಟಿದ್ದೇನಾ?" ಎಂದು ನಾನು ಕೂಗಿದ್ದೇ, ಒಳಗಿನಿಂದ ಶೆಟ್ಟರು ಅಭ್ಯಾಸಬಲದಿಂದ, "ನಾಳೆ ಸರಿ ಮಾಡಿಸ್ತೇನೆ ಬಾಯಿ!" ಎಂದರು. ಒಂದು ಗಳಿಗೆ ಬಿಟ್ಟು ಬಾಗಿಲಿಗೆ ಬಂದು ನಮ್ಮಿಬ್ಬರನ್ನೂ ನೋಡಿದರು. ಜೀವನದಲ್ಲಿ ಮೊದಲ ಸಲ ಮೆತ್ತಗೆ ಬಾಗಿಲು ಹಾಕಿಕೊಂಡರು.

ಬಿಸಿಲು ಅಂಗಳದಿಂದ ಮೇಲೇರಿತು. ನಾತಾಲಿಬಾಯಿ ಬರೆಯುವುದನ್ನು ನಿಲ್ಲಿಸಿ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡಿದ್ದರು. ನಾನು ಕೇಳಿದೆ, "ಮತ್ತೆ ಎಂತ ಹೇಳ್ಬೇಕು ಬಾಯಿ?" ಅವರು ಬರೆಯಲಿಲ್ಲ. ತುಟಿ ಮಾತ್ರ ಅಲುಗಿಸಿದರು. ಓದಲು ಕಷ್ಟವಾಗಲಿಲ್ಲ, ಹದಿನಾಲ್ಕು ವರ್ಷ ಕೇಳಿದ ಮಾತು.

"ಬನ್ನಿ, ಕೂತ್ಕೊಳ್ಳಿ," ಎಂದೆ. "ಆಸರಿಗೆ ಎಂತ..." ಅಲ್ಲಿ ಗ್ಲಾಸಿನ ಹೊತ್ತು ಮುಗಿಯಿತು. "ಆಗ್ಬೇಕು" ಎಂಬುದು ಒಬ್ಬ ಶಾಲಾ ಮಾಸ್ತರನ ದನಿಯಲ್ಲಿ ಬಂತು. ಅವರು ತಲೆಯಾಡಿಸಿ, ಒಳಗೆ ಹೋಗಿ, ಬೆಲ್ಲವನ್ನೂ ನೀರನ್ನೂ ತಂದಿಟ್ಟರು.

ಕ್ರಿಸ್ಮಸ್ಸಿಗೆ ಊರೆಲ್ಲ ಹೊಸ ವೈನು ಕುಡಿದು, ಹೋದ ವರ್ಷದ ಹಾಗೆಯೇ ಇದೆ, ಏನೂ ವ್ಯತ್ಯಾಸವಿಲ್ಲ, ಮಾಸ್ಟ್ರ ನಾಲಗೆಯೂ ಕಿವಿಯಷ್ಟೇ ಗಟ್ಟಿ ಎಂದಿತು. ಏಳು ಸೌಟು ಎಂದು ಈಗಲೂ ಹೇಳುವವರು ಅವರೇ. ಹಬ್ಬದ ಮರುದಿನ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ನೇಮಕವಾದ ನರ್ಸಮ್ಮ ಬಸ್ಸಿನಿಂದ ಇಳಿದು ಸೂಟ್‌ಕೇಸು ಹಿಡಿದು ನಿಂತಿದ್ದರು. ಹಬ್ಬದ ವೈನಿನ ಉಳಿಕೆಯನ್ನು ಮುಗಿಸುತ್ತಿದ್ದ ದೇಜು ಶೆಟ್ಟರು ಅಂಗಳದಿಂದಲೇ, ಯಾರದೂ ಅಲ್ಲದ ದನಿಯಲ್ಲಿ, "ಬನ್ನಿ, ಕೂತ್ಕೊಳ್ಳಿ" ಎಂದರು. ನರ್ಸಮ್ಮ ಹೋಗಿ ಕೂತರು.

ನಾತಾಲಿಬಾಯಿಯ ಪೀಪಾಯಿಯಿಂದ ಎರಡು ಸೌಟಿನ ಲೆಕ್ಕದಲ್ಲೇ ತೆಗೆದೆವು. ಉಳಿದದ್ದು ವಿನೆಗರ್ ಆಯಿತು. ಚೆನ್ನಾಗಿತ್ತು. ಮೂರು ವರ್ಷ ಬಂತು.